ತಾರೀಖಿನ ಕೆಳಗಿನ ಚುಕ್ಕೆ

ಹಳೆಯ ಬೆಳ್ಳಿ ರೂಪಾಯಿ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ರಾಜನ ಮುಖ, ಆಮೇಲೆ ಇಸವಿ. ಬೆಲೆ ಕೇಳುವುದೂ ಅಷ್ಟನ್ನೇ ಹಿಡಿದು: ‘ಇದು ರಾಣಿ ಛಾಪು, ನೂರು ವರ್ಷಕ್ಕಿಂತ ಹಳೆಯದು, ಎಷ್ಟು ಬರುತ್ತೆ?’ ಬರೀ ವಯಸ್ಸಿನಿಂದ ಬೆಲೆ ತಿಳಿಯುವುದಿಲ್ಲ. ಇಸವಿಯ ಕೆಳಗೆ ಚುಕ್ಕೆ ಇದೆಯೋ ಇಲ್ಲವೋ ಎಂಬುದರಿಂದ ಎಷ್ಟೋ ಸಲ ತಿಳಿಯುತ್ತದೆ.

*

ಟಂಕಸಾಲೆ ನಾಣ್ಯಕ್ಕೆ ಗುರುತು ಹಾಕಿದ್ದು ಮುಂದೊಂದು ಕಾಲದ ಸಂಗ್ರಹಕಾರರನ್ನು ನೆನೆದು ಅಲ್ಲ. ತೂಕ ತಪ್ಪಿದರೆ, ಬೆಳ್ಳಿ ಕಡಿಮೆ ಬಿದ್ದರೆ ಯಾರನ್ನು ಕೇಳಬೇಕು ಎಂಬುದು ಗೊತ್ತಿರಲಿ ಎಂದು. ಆ ಚುಕ್ಕೆಯ ಹಿಂದೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇದ್ದ.

*

ಯಾರೂ ಹೊಣೆ ಹೊರದ ಬೆಳ್ಳಿ ಬರೀ ಬೆಳ್ಳಿ. ಹೊಣೆ ಹೊತ್ತ ಬೆಳ್ಳಿ ನಾಣ್ಯ.

*

1835ರಲ್ಲಿ ಕಂಪನಿ ಸರಕಾರ ತನ್ನ ಆಳ್ವಿಕೆಯ ಇಡೀ ನಾಡಿಗೆ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಎಲ್ಲಿ ಹೊಡೆದರೂ ತಕ್ಕಡಿಯಲ್ಲಿ ಸಮ. ಅಲ್ಲಿಂದ ಮುಂದೆ ನಾಣ್ಯ ನಾಣ್ಯದ ನಡುವಿನ ಭೇದ ಹುಡುಕುವ ಕೆಲಸ ಕಣ್ಣಿನ ಪಾಲಿಗೆ ಬಂತು.

*

ರೂಪಾಯಿ ಹಣವೂ ಆಗಿತ್ತು, ತೂಕದ ಕಲ್ಲೂ ಆಗಿತ್ತು. ರೂಪಾಯಿ ತೂಕವೆಂದರೆ ಒಂದು ತೊಲ, ಎಂಬತ್ತು ತೊಲಕ್ಕೆ ಒಂದು ಪಕ್ಕಾ ಸೇರು. ಚಿನಿವಾರರಿಗೆ ಅದು ಎರಡು ಬಗೆಯಲ್ಲಿಯೂ ಬೇಕಾಗಿತ್ತು.

*

ಕಲ್ಕತ್ತದ ಟಂಕಸಾಲೆ ಬಹುಮಟ್ಟಿಗೆ ಗುರುತೇ ಹಾಕಲಿಲ್ಲ. ಕೆಲವು ವರ್ಷ ಮಾತ್ರ ‘ಸಿ’ ಅಕ್ಷರ ಒತ್ತಿತು. ಬೊಂಬಾಯಿಯದು ಚುಕ್ಕೆ, ಇಲ್ಲವೇ ‘ಬಿ’. ಗುರುತು ಇಲ್ಲದಿರುವುದೂ ಒಂದು ಗುರುತು ಎಂಬ ಪಾಠವನ್ನು ಹೊಸಬರಿಗೆ ಕಲಿಸುವುದು ಕಲ್ಕತ್ತದ ರೂಪಾಯಿ. ಆದರೆ ಸವೆದುಹೋದ ಚುಕ್ಕೆಯೂ ಮೊದಲಿಂದ ಇಲ್ಲದ ಚುಕ್ಕೆಯೂ ಬರಿಗಣ್ಣಿಗೆ ಒಂದೇ ಥರ. ‘ಇಲ್ಲ’ ಎನ್ನುವುದು ‘ಇದೆ’ ಎನ್ನುವುದಕ್ಕಿಂತ ಕಷ್ಟದ ಮಾತು. ಅದನ್ನು ಹೇಳುವ ಮುಂಚೆ ಹೆಚ್ಚು ಹೊತ್ತು ನೋಡಬೇಕು.

*

ಏಳನೆಯ ಎಡ್ವರ್ಡ್ ದೊರೆಯ ರೂಪಾಯಿ ತೆಗೆದುಕೊಳ್ಳಿ. 1903ರಿಂದ 1910ರ ನಡುವಿನದು ಯಾವುದಾದರೂ ಆದೀತು. ಹಿಂಬದಿಯಲ್ಲಿ ಮೇಲೆ ಕಿರೀಟ, ಎರಡೂ ಪಕ್ಕ ಎಲೆ ಹೂವಿನ ಬಳ್ಳಿ, ನಡುವೆ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಒಂದು ರೂಪಾಯಿ ಎಂಬ ಬರಹ. ಬಳ್ಳಿಗಳೆರಡೂ ಬಂದು ಕೂಡುವ ಕೆಳಗಿನ ಹೂವಿನ ಮೇಲೆ ಭೂತಗನ್ನಡಿ ಹಿಡಿಯಿರಿ. ದೀಪಕ್ಕೆ ನಾಣ್ಯವನ್ನು ಓರೆ ಮಾಡಿ ಮೆಲ್ಲಗೆ ತಿರುಗಿಸಿ. ಒಂದು ಓರೆಯಲ್ಲಿ ಹೂವಿನೊಳಗೆ ಪುಟ್ಟ ನೆರಳೊಂದು ಬಂದು ನಿಲ್ಲುತ್ತದೆ. ಎಳ್ಳುಕಾಳಿಗಿಂತ ಚಿಕ್ಕ ‘ಬಿ’, ಉಬ್ಬಿದ್ದಲ್ಲ, ಒಳಕ್ಕೆ ತಗ್ಗಿದ್ದು. ಅಚ್ಚಿನಲ್ಲಿ ಉಬ್ಬಿದ್ದದ್ದು ನಾಣ್ಯದಲ್ಲಿ ಹೀಗೆ ತಗ್ಗಾಗಿ ಉಳಿದಿದೆ. ಕಂಡರೆ ಬೊಂಬಾಯಿ, ಕಾಣದಿದ್ದರೆ ಕಲ್ಕತ್ತ. ಮೊದಲ ಸಲ ಆ ಅಕ್ಷರ ಕಂಡವರ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ. ಆ ಕ್ಷಣದವರೆಗೆ ಅದು ಅವರ ಮನೆಯ ಹಳೆಯ ರೂಪಾಯಿ, ಅಲ್ಲಿಂದಾಚೆಗೆ ಅದಕ್ಕೊಂದು ಊರಿದೆ.

*

ಐದನೆಯ ಜಾರ್ಜ್ ದೊರೆಯ ಕಾಲಕ್ಕೆ ಬೊಂಬಾಯಿಯ ‘ಬಿ’ ಹೋಗಿ ಕೆಳಗಿನ ಹೂವಿನ ಅಡಿಯಲ್ಲಿ ಉಬ್ಬಿದ ಚುಕ್ಕೆ ಬಂತು. ಒಂದೇ ಟಂಕಸಾಲೆ, ದೊರೆ ಬದಲಾದಂತೆ ಗುರುತೂ ಬದಲು. ಒಂದು ಕಾಲದ ಗುರುತನ್ನು ಇನ್ನೊಂದು ಕಾಲದ ನಾಣ್ಯದಲ್ಲಿ ಹುಡುಕುತ್ತ ಕೂತರೆ ಏನೂ ಸಿಗುವುದಿಲ್ಲ.

*

ಎರಡನೆಯ ಮಹಾಯುದ್ಧದ ಹೊತ್ತಿಗೆ ಚಿಲ್ಲರೆಯ ಬೇಡಿಕೆ ಕಲ್ಕತ್ತ, ಬೊಂಬಾಯಿಗಳ ಕೈಮೀರಿತು. 1943ರಲ್ಲಿ ಲಾಹೋರಿನಲ್ಲಿ ಮೂರನೆಯ ಟಂಕಸಾಲೆ ಎದ್ದಿತು, ‘ಎಲ್’ ಅಕ್ಷರದ ನಾಣ್ಯಗಳು ಬಂದವು. ದೇಶ ಒಡೆದಾಗ ಆ ಟಂಕಸಾಲೆ ಪಾಕಿಸ್ತಾನದ ಪಾಲಾಯಿತು. ‘ಎಲ್’ ಗುರುತಿನ ಆರನೆಯ ಜಾರ್ಜ್ ರೂಪಾಯಿ ಅಪರೂಪದ್ದೇನಲ್ಲ, ದುಬಾರಿಯೂ ಅಲ್ಲ. ಒಂದು ಅಕ್ಷರದಲ್ಲಿ ಅಷ್ಟು ದೊಡ್ಡ ಕಥೆ ಇರುವ ನಾಣ್ಯ ಇಷ್ಟು ಸುಲಭಕ್ಕೆ ಸಿಗುತ್ತದಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

*

ಬೆಲೆ ಕಡಿಮೆ ಎಂದ ಮಾತ್ರಕ್ಕೆ ನಾಣ್ಯ ಸಣ್ಣದಾಗುವುದಿಲ್ಲ.

*

1840 ಎಂದು ಬರೆದ ರೂಪಾಯಿ 1840ರದೇ ಆಗಿರಬೇಕೆಂದಿಲ್ಲ. ಆ ಇಸವಿಯನ್ನು ಬದಲಿಸದೆ 1861ರವರೆಗೂ ಹೊಡೆದರು. 1862 ಎಂದು ಬರೆದದ್ದನ್ನೂ ಮುಂದೆ ಹನ್ನೊಂದು ಹನ್ನೆರಡು ವರ್ಷ ಹಾಗೇ ಮುಂದುವರಿಸಿದರು. ಹೊರಗಿನವರಿಗೆ ಇಸವಿ ನಿಂತಿತ್ತು, ಟಂಕಸಾಲೆಯ ಒಳಗೆ ಕಾಲ ನಡೆದಿತ್ತು. ಬೊಂಬಾಯಿಯವರು ಆ ನಡೆದ ವರ್ಷಗಳನ್ನು ಚುಕ್ಕೆಗಳಲ್ಲಿ ಬರೆದುಕೊಂಡರು: ಇಸವಿಯ ಕೆಳಗೆ ಒಂದಿಷ್ಟು, ಮೇಲಿನ ಸಾಲಿನ ಹತ್ತಿರ ಒಂದಿಷ್ಟು. 1862ರ ಎರಡು ರೂಪಾಯಿಗಳನ್ನು ಪಕ್ಕಪಕ್ಕ ಇಟ್ಟು ಚುಕ್ಕೆ ಎಣಿಸುವವರು ನಿಂತ ಗಡಿಯಾರದ ಒಳಗಿನ ಸದ್ದು ಕೇಳುತ್ತಿರುತ್ತಾರೆ.

*

1840ರ ರೂಪಾಯಿಯ ಹಿಂಬದಿಯ ಎಲೆಮಾಲೆಯಲ್ಲಿ ಸಣ್ಣ ಹಣ್ಣುಗಳಿವೆ. ಅವನ್ನು ಒಂದೊಂದಾಗಿ ಎಣಿಸುವವರಿದ್ದಾರೆ, ಏಕೆಂದರೆ ಎಣಿಕೆ ಒಂದು ಅಚ್ಚಿನಿಂದ ಇನ್ನೊಂದು ಅಚ್ಚಿಗೆ ಬೇರೆ. ಇದು ಹುಚ್ಚು ಎನ್ನುವವರು ಒಂದು ಸಲ ಎಣಿಸಿ ನೋಡಲಿ. ಕೆತ್ತಿದವನ ಕೈ ಎಲ್ಲಿ ತಡೆಯಿತು, ಎಲ್ಲಿ ಸರಾಗ ಓಡಿತು ಎಂಬುದು ಎಣಿಸುವ ಬೆರಳಿಗೆ ತಿಳಿಯುತ್ತದೆ.

*

ಇಸವಿಯನ್ನು ಹೀಗೆ ನಿಲ್ಲಿಸುವ ಪದ್ಧತಿಗೆ ಇನ್ನೂ ಹಳೆಯ ಕಾರಣವೊಂದಿದೆ, ಅದು ಬಡವರ ಹೊಟ್ಟೆಗೆ ಸಂಬಂಧಪಟ್ಟದ್ದು. ಬಂಗಾಳದಲ್ಲಿ ಹೊಸ ವರ್ಷದ ಸಿಕ್ಕಾ ರೂಪಾಯಿಗೆ ಪೂರ್ತಿ ಬೆಲೆ. ವರ್ಷ ಹಳತಾದಂತೆ ಅದೇ ನಾಣ್ಯಕ್ಕೆ ಸರಾಫರು ಬಟ್ಟಾ ಹಿಡಿಯುತ್ತಿದ್ದರು. ಬೆಳ್ಳಿ ಸವೆದಿರಲಿ ಬಿಡಲಿ, ಇಸವಿ ಹಳೆಯದಾದರೆ ಕಡಿತ ಗಟ್ಟಿ. ಬೆಳೆ ಮಾರಿ ಬಂದ ರೂಪಾಯಿ ಕಂದಾಯ ಕಟ್ಟುವ ಹೊತ್ತಿಗೆ ರೈತನ ಕೈಯಲ್ಲೇ ಕರಗುತ್ತಿತ್ತು. ಕೊನೆಗೆ ಕಂಪನಿ ಮುರ್ಷಿದಾಬಾದಿನ ರೂಪಾಯಿಯ ಮೇಲೆ ಶಾಹ್ ಆಲಮ್ ಬಾದಶಹನ ಆಳ್ವಿಕೆಯ 19ನೆಯ ವರ್ಷವನ್ನೇ ಖಾಯಂ ಮಾಡಿತು. ಫರೂಕಾಬಾದಿನ ರೂಪಾಯಿಗೆ 45, ಸೂರತ್ತಿನದಕ್ಕೆ 46. ಎಲ್ಲ ನಾಣ್ಯಕ್ಕೂ ಒಂದೇ ವರ್ಷವಾದ ಮೇಲೆ ಹಳೆಯದು ಹೊಸದು ಎಂಬ ನೆಪ ಉಳಿಯಲಿಲ್ಲ.

*

ಇವತ್ತು ನಾವು ಇಸವಿ ಹಳೆಯದಾದಷ್ಟೂ ಹೆಚ್ಚು ಕೊಡುತ್ತೇವೆ. ಅಂದು ಇಸವಿ ಹಳೆಯದಾದಷ್ಟೂ ಕಡಿಮೆ ಕೊಡುತ್ತಿದ್ದರು. ಬೆಳ್ಳಿ ಎರಡೂ ಕಾಲದಲ್ಲಿ ಅದೇ.

*

ಮುರ್ಷಿದಾಬಾದ್ ಎಂದು ಬರೆದ ರೂಪಾಯಿ ಕಲ್ಕತ್ತದಲ್ಲಿ ಹೊಡೆದದ್ದು. ಬಾದಶಹನ ಹೆಸರಿದೆ, ಅವನ ಕೈಯಲ್ಲಿ ಅಧಿಕಾರವಿಲ್ಲ. 1806ರಲ್ಲಿ ಅವನು ತೀರಿಕೊಂಡ ಮೇಲೂ ಹೆಸರು ನಿಲ್ಲಲಿಲ್ಲ. ಊರು, ದೊರೆ, ವರ್ಷ ಮೂರೂ ಹೀಗೆ ತಪ್ಪು ಹೇಳುವಾಗ ನಿಜ ಹೇಳುವುದು ಅಂಚು. ಅಂಚಿನ ಗೀರುಗಳು ಓರೆಯಾಗಿದ್ದರೆ ಮೊದಲಿನದು, ನೆಟ್ಟಗಿದ್ದರೆ ಆಮೇಲಿನದು, ಗೀರೇ ಇಲ್ಲದೆ ನುಣುಪಾಗಿದ್ದರೆ ಕೊನೆಯ ವರ್ಷಗಳದು. ಯಾರೂ ಓದದ ಜಾಗದಲ್ಲಿ ಸುಳ್ಳು ಬರೆಯುವ ಅಗತ್ಯ ಯಾರಿಗೂ ಬೀಳಲಿಲ್ಲ.

*

ನಾಣ್ಯದ ಮೇಲೆ ದೊಡ್ಡದಾಗಿ ಬರೆದದ್ದು ರಾಜ್ಯದ ಮಾತು. ಚಿಕ್ಕದಾಗಿ ಬರೆದದ್ದು ಕೆಲಸದವರ ಮಾತು. ನಾನು ಎರಡನೆಯದನ್ನೇ ಹೆಚ್ಚು ನಂಬುತ್ತೇನೆ.

*

ಕಂಪನಿಯ ಟಂಕಸಾಲೆಯಲ್ಲಿ ಬೆಳ್ಳಿಯ ಚೊಕ್ಕತನ ಪರೀಕ್ಷಿಸುವ ಹುದ್ದೆಯಲ್ಲಿದ್ದವರು ಜೇಮ್ಸ್ ಪ್ರಿನ್ಸೆಪ್. ಮೊದಲು ಕಾಶಿಯಲ್ಲಿ, ಆಮೇಲೆ ಕಲ್ಕತ್ತದಲ್ಲಿ. ನಾಣ್ಯ ನೋಡಿ ಪಳಗಿದ ಆ ಕಣ್ಣೇ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿತು. ‘ದೇವಾನಂಪಿಯ’ ಎಂಬ ದೊರೆ ಬಂಡೆಗಳ ಮೇಲೆ ಮಾತಾಡತೊಡಗಿದ. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಬೆಳ್ಳಿ ಪರೀಕ್ಷಿಸುವವರು ಅಕ್ಷರ ಓದಿದರು, ಚಿನ್ನ ಹುಡುಕುವವರಿಗೆ ಹೆಸರು ಸಿಕ್ಕಿತು. ಲೋಹದ ಬೆಲೆ ಕಟ್ಟುವ ಕೆಲಸದಲ್ಲಿದ್ದ ಇಬ್ಬರು ಬೆಲೆ ಕಟ್ಟಲಾಗದ್ದನ್ನು ನಮ್ಮ ಕೈಗಿಟ್ಟರು.

*

ನಾಣ್ಯ ಎಲ್ಲಿ ಹುಟ್ಟಿತು ಎಂದು ಕೇಳುವ ಅಭ್ಯಾಸ ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಬರೀ ಗದ್ಯಾಣ ಎಂದಷ್ಟೇ ಬರೆದು ಬಿಟ್ಟಿಲ್ಲ. ಲಕ್ಕುಂಡಿಯ ಲೊಕ್ಕಿ ಗದ್ಯಾಣ, ಬಾರಕೂರು ಗದ್ಯಾಣ ಎಂದು ಊರು ಸೇರಿಸಿ ಬರೆದಿದ್ದಾರೆ. ದಾನ ಕೊಡುವವರಿಗೂ ಪಡೆಯುವವರಿಗೂ ಊರಿನ ಹೆಸರೇ ಖಾತರಿ.

*

ಟಿಪ್ಪು ಸುಲ್ತಾನ್ ತನ್ನ ನಾಣ್ಯಗಳಲ್ಲಿ ಮೊಗಲ್ ಬಾದಶಹನ ಹೆಸರು ಹಾಕಲಿಲ್ಲ. ಟಂಕಸಾಲೆಯ ಹೆಸರು ಮಾತ್ರ ಹಾಕಿಸಿದ: ಶ್ರೀರಂಗಪಟ್ಟಣಕ್ಕೆ ಪಟನ್, ಬಿದನೂರಿಗೆ ನಗರ್. ಬೆಳ್ಳಿಯ ಒಂದೊಂದು ಪ್ರಮಾಣಕ್ಕೂ ಒಂದೊಂದು ಹೆಸರಿಟ್ಟ. ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ, ಅದರ ಅರ್ಧ ಜಾಫರಿ, ಮತ್ತೆ ಅದರರ್ಧ ಕಾಜಿಮಿ, ಎಲ್ಲಕ್ಕಿಂತ ಪುಟ್ಟದು ಖಿಜ್ರಿ. ಮೌಲೂದಿ ಎಂಬ ಹೊಸ ಶಕೆ ತಂದ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದು ಗೊತ್ತಿಲ್ಲದೆ ಎಡದಿಂದ ಓದಿದರೆ ಯಾವ ಲೆಕ್ಕಕ್ಕೂ ಸಿಗದ ಇಸವಿ ಬರುತ್ತದೆ. ಹೈದರಿಯನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಇಪ್ಪತ್ತೆರಡು ಇಪ್ಪತ್ಮೂರು ಗ್ರಾಂ ಬೆಳ್ಳಿಯ ಭಾರ. ಅದರ ಮುದ್ದಾದ ಬರವಣಿಗೆಯನ್ನು ನೋಡಿದ ಮೇಲೆ ಯಂತ್ರದ ನಾಣ್ಯಗಳು ಸ್ವಲ್ಪ ಹೊತ್ತು ಸಪ್ಪೆಯೆನಿಸುತ್ತವೆ.

*

ಟಿಪ್ಪುವಿನ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಬೆಳ್ಳಿ ನಾಣ್ಯಗಳಲ್ಲಿ ಮತ್ತೆ ಶಾಹ್ ಆಲಮನ ಹೆಸರು ಬಂತು, ಟಂಕಸಾಲೆ ಮಹಿಸೂರ್. ಅದೇ ದೊರೆಯ ತಾಮ್ರದ ಕಾಸಿನ ಮೇಲೆ ಕನ್ನಡ ಅಕ್ಷರ. ಬೆಳ್ಳಿ ನಾಡಿನಿಂದಾಚೆಗೂ ಓಡಾಡುವ ಹಣ, ತಾಮ್ರ ಸಂತೆಯ ಹಣ. ಯಾವ ಲೋಹಕ್ಕೆ ಯಾವ ಲಿಪಿ ಎಂದು ನೋಡಿದರೆ ಆ ನಾಣ್ಯ ಯಾರೊಡನೆ ಮಾತಾಡಲು ಹೊರಟಿತ್ತು ಎಂಬುದು ತಿಳಿಯುತ್ತದೆ.

*

ಕಲಬುರಗಿ, ಬೀದರ, ರಾಯಚೂರು ಕಡೆಯ ಹಿರಿಯರ ಪೆಟ್ಟಿಗೆಗಳಲ್ಲಿ ಚಾರ್‌ಮಿನಾರ್ ಇರುವ ರೂಪಾಯಿ ಸಿಗುತ್ತದೆ. ನಿಜಾಮರ ಹಾಲಿ ಸಿಕ್ಕಾ ಅದು. ಬ್ರಿಟಿಷ್ ರೂಪಾಯಿಗಿಂತ ತುಸು ಹಗುರ, 11.18 ಗ್ರಾಂ, ಬೆಳ್ಳಿಯೂ ಕಡಿಮೆ, ಸಾವಿರಕ್ಕೆ 818 ಪಾಲು. ಚಾರ್‌ಮಿನಾರಿನ ನಡುಬಾಗಿಲೊಳಗೆ ಇಣುಕಿದರೆ ಒಂದು ಅಕ್ಷರ ಕಾಣುತ್ತದೆ. ಮೀರ್ ಮಹಬೂಬ್ ಅಲಿ ಖಾನರ ಕಾಲದ್ದಾದರೆ ‘ಮೀಮ್’, ಮೀರ್ ಉಸ್ಮಾನ್ ಅಲಿ ಖಾನರದಾದರೆ ‘ಐನ್’. ಉಸ್ಮಾನ್ ಅಲಿ ಖಾನರ ಮೊದಮೊದಲ ನಾಣ್ಯಗಳಲ್ಲಿ ಆ ಐನ್ ಮೊಟಕು, ಆಮೇಲೆ ಪೂರ್ಣ ರೂಪ. ಬಾಗಿಲಿನಷ್ಟೇ ಜಾಗದಲ್ಲಿ ಒಬ್ಬ ದೊರೆ ಹೋಗಿ ಇನ್ನೊಬ್ಬ ದೊರೆ ಬಂದದ್ದು ಬರೆದಿದೆ. ಆ ಭಾಗದ ಮಕ್ಕಳಿಗೆ ಶಾಲೆಯಲ್ಲಿ ಈ ನಾಣ್ಯವನ್ನು ಕೈಯಲ್ಲಿ ಕೊಟ್ಟು ತೋರಿಸಬೇಕು ಎಂದು ನನ್ನ ಆಸೆ. ಅವರ ಅಜ್ಜಂದಿರು ಸಂತೆ ಮಾಡಿದ್ದು ಇದರಲ್ಲೇ.

*

ಈಗ ಬೆಲೆಯ ಮಾತು. ಬೆಲೆ ಮೂರು ಕಡೆಯಿಂದ ಬರುತ್ತದೆ: ಒಳಗಿನ ಬೆಳ್ಳಿ, ಉಳಿದಿರುವ ಸಂಖ್ಯೆ, ನಾಣ್ಯದ ಸ್ಥಿತಿ. ಬೆಳ್ಳಿಯನ್ನು ಯಾರು ಬೇಕಾದರೂ ತೂಗಬಹುದು. ಸ್ಥಿತಿಯನ್ನು ಕಲಿತರೆ ನೋಡಬಹುದು. ಸಂಖ್ಯೆಗೆ ಓದು ಬೇಕು, ಆ ಓದು ಟಂಕಸಾಲೆಯ ಗುರುತಿನಿಂದಲೇ ಶುರು.

*

1939ರವರೆಗಿನ ರೂಪಾಯಿಯಲ್ಲಿ 10.69 ಗ್ರಾಂ ಚೊಕ್ಕ ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ 5.83 ಗ್ರಾಂ, ಉಳಿದದ್ದು ತಾಮ್ರ, ನಿಕಲ್, ಸತು. ಎರಡರ ತೂಕವೂ 11.66 ಗ್ರಾಂ. 1947ರಲ್ಲಿ ರೂಪಾಯಿ ಪೂರ್ತಿ ನಿಕಲ್ ಆಯಿತು. ಚಿನಿವಾರ ಪೇಟೆಯ ದರದಿಂದ ಗುಣಿಸುವ ಮುಂಚೆ ಇಸವಿ ನೋಡದವರು ಅರ್ಧಕ್ಕರ್ಧ ಕಳೆದುಕೊಳ್ಳುತ್ತಾರೆ.

*

ಸ್ವತಂತ್ರ ಭಾರತದ ಬೆಳ್ಳಿಯಲ್ಲೂ ಇದೇ ಎಚ್ಚರ. ಗಾಂಧಿ ಶತಮಾನೋತ್ಸವದ 1969ರ ಹತ್ತು ರೂಪಾಯಿ 15 ಗ್ರಾಂ, ಒಳಗೆ 12 ಗ್ರಾಂ ಬೆಳ್ಳಿ. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ 1972ರಲ್ಲಿ ಬಂದ ಹತ್ತು ರೂಪಾಯಿ 22.5 ಗ್ರಾಂ, ಒಳಗೆ 11.25 ಗ್ರಾಂ ಮಾತ್ರ. ಕೈಗೆ ಭಾರ ಅನ್ನಿಸಿದ್ದೆಲ್ಲ ಬೆಳ್ಳಿಯಲ್ಲ. ಇವುಗಳಲ್ಲೂ ಇಸವಿಯ ಕೆಳಗೆ ನೋಡಿ: ಬೊಂಬಾಯಿಯದಾದರೆ ವಜ್ರಾಕಾರದ ಗುರುತು, ಕಲ್ಕತ್ತದ್ದಾದರೆ ಹಿಂದಿನಂತೆಯೇ ಖಾಲಿ.

*

1893ರವರೆಗೆ ಯಾರು ಬೇಕಾದರೂ ಬೆಳ್ಳಿ ತಂದು, ಸಣ್ಣ ಕೂಲಿ ಕೊಟ್ಟು, ಟಂಕಸಾಲೆಯಿಂದ ರೂಪಾಯಿ ಒಯ್ಯಬಹುದಿತ್ತು. ಲೋಕದಲ್ಲಿ ಬೆಳ್ಳಿಯ ದರ ಕುಸಿಯುತ್ತ ಬಂದಾಗ ಸರಕಾರ ಆ ಬಾಗಿಲು ಮುಚ್ಚಿತು. ಅಂದಿನಿಂದ ರೂಪಾಯಿಯ ಬೆಲೆ ಒಂದು ದಾರಿ, ಅದರೊಳಗಿನ ಬೆಳ್ಳಿಯ ಬೆಲೆ ಇನ್ನೊಂದು ದಾರಿ. ನಾಣ್ಯಕ್ಕೂ ಲೋಹಕ್ಕೂ ನಡುವಿನ ಆ ಬಿರುಕಿನಲ್ಲೇ ಇಂದಿನ ನಮ್ಮ ಎಲ್ಲ ಹಣವೂ ನಿಂತಿದೆ.

*

ಮೊದಲನೆಯ ಮಹಾಯುದ್ಧದ ಕೊನೆಗೆ ಹಿಂದೂಸ್ಥಾನದಲ್ಲಿ ಬೆಳ್ಳಿ ಸಾಲಲಿಲ್ಲ. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಒಟ್ಟು 27 ಕೋಟಿ ಡಾಲರು ಕರಗಿದವು, ಬಹುಪಾಲು ಬೆಳ್ಳಿ ಬ್ರಿಟನ್ನಿನ ಮೂಲಕ ನಮ್ಮ ಟಂಕಸಾಲೆಗಳಿಗೆ ಬಂತು. ಆ ಕಾಲದ ಐದನೆಯ ಜಾರ್ಜ್ ರೂಪಾಯಿಗಳಲ್ಲಿ ಎಷ್ಟೋ ಹಿಂದೊಮ್ಮೆ ಸ್ವಾತಂತ್ರ್ಯದೇವಿಯ ಮುಖ ಹೊತ್ತಿದ್ದ ಬೆಳ್ಳಿ. ಅಮೆರಿಕದ ಸಂಗ್ರಹಕಾರರು ತಮ್ಮ ಡಾಲರಿನ ಯಾವ ಟಂಕಸಾಲೆಯದು ಎಷ್ಟು ಉಳಿಯಿತು ಎಂದು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಉಳಿಯದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ಎರಡನೆಯ ಯುದ್ಧದಲ್ಲಿ ಮತ್ತೆ ಅಮೆರಿಕದಿಂದ ಬೆಳ್ಳಿ ಸಾಲ ಬಂತು. ಅದನ್ನು ತೀರಿಸಲು ಚಲಾವಣೆಯಿಂದ ಹಿಂಪಡೆದ ಬೆಳ್ಳಿ ನಾಣ್ಯಗಳನ್ನು ಕರಗಿಸಿ ಶುದ್ಧಿ ಮಾಡಿ ಮರಳಿಸಿದೆವು.

*

ಎಷ್ಟು ಹೊಡೆದರು ಎಂಬುದು ಟಂಕಸಾಲೆಯ ದಾಖಲೆಯಲ್ಲಿದೆ. ಎಷ್ಟು ಕರಗಿತು ಎಂಬುದು ಯಾವ ದಾಖಲೆಯಲ್ಲೂ ಪೂರ್ತಿ ಇಲ್ಲ. ಅಪರೂಪ ಎಂಬುದು ಎರಡನೆಯ ಲೆಕ್ಕ.

*

1911ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೊಂದು ಪುಟ್ಟ ಆನೆ. ಸೊಂಡಿಲು ಮೊಟಕಾಗಿ ಅದು ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಹಂದಿಯ ಚಿತ್ರವಿರುವ ಹಣ ಮುಟ್ಟುವುದು ಹೇಗೆ ಎಂದು ಗದ್ದಲವೆದ್ದಿತು. ಹೊಡೆದದ್ದು 94 ಲಕ್ಷ, ಹೊರಬಿದ್ದದ್ದು 7 ಲಕ್ಷ. ಉಳಿದದ್ದನ್ನು ತಡೆದು ಕರಗಿಸಿದರು. 1912ರ ಅಚ್ಚಿನಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಎರಡೂ ವರ್ಷದ ರೂಪಾಯಿಗಳನ್ನು ಕೂಡಿಸಿ ಆನೆಯನ್ನಷ್ಟೇ ನೋಡಿ. ಕೆತ್ತನೆಯವರು ಜನರ ಮಾತು ಕೇಳಿಸಿಕೊಂಡು ಉಳಿಯನ್ನು ಎಲ್ಲಿ ತಿದ್ದಿದರು ಎಂಬುದು ಕಾಣುತ್ತದೆ. ಸಾಮ್ರಾಜ್ಯವೊಂದು ಹೀಗೆ ಜನರ ಭಾವನೆಗೆ ಬಾಗಿದ ಗುರುತುಗಳು ಹೆಚ್ಚಿಲ್ಲ.

*

ಎಲ್ಲರೂ ಕನಸು ಕಾಣುವುದು 1939ರ ರೂಪಾಯಿಯನ್ನು. ಹಳೆಯ ಚೊಕ್ಕತನದ ಕೊನೆಯ ರೂಪಾಯಿ, ಬೊಂಬಾಯಿಯದು, ಹೊರಬಿದ್ದದ್ದು ತೀರ ಕೆಲವೇ. ಅದಕ್ಕೇ ಅದರ ನಕಲಿಗಳು ಹೆಚ್ಚು. 1938ರ ರೂಪಾಯಿಯ 8ನ್ನು ಕೊರೆದು 9 ಮಾಡುತ್ತಾರೆ. ಭೂತಗನ್ನಡಿಯಲ್ಲಿ ಆ ಅಂಕಿಯ ಸುತ್ತ ಬೆಳ್ಳಿಯ ಮೈ ಬೇರೆಯಾಗಿ ಹೊಳೆಯುತ್ತದೆ, ಸರಿಸಿದ ಲೋಹದ ಸುಕ್ಕು ಕಾಣುತ್ತದೆ. ನಂಬಿಕೆಯಿರುವ ಇನ್ನೊಂದು ನಾಣ್ಯದ ಚಿತ್ರದ ಪಕ್ಕ ಇಟ್ಟು 9ರ ಬಾಲ ಹೋಲಿಸಿ ನೋಡದೆ ಕೊಳ್ಳಬೇಡಿ.

*

ನಕಲಿ ಮಾಡುವವರಿಗೂ ಟಂಕಸಾಲೆಯ ಗುರುತು ಚೆನ್ನಾಗಿ ಗೊತ್ತು. ಚುಕ್ಕೆ ಅಂಟಿಸುತ್ತಾರೆ, ಚುಕ್ಕೆ ಕೆರೆದು ಹಾಕುತ್ತಾರೆ. ಕೆರೆದ ಕಡೆ ತಗ್ಗು ಉಳಿಯುತ್ತದೆ, ಅಂಟಿಸಿದ ಕಡೆ ಬುಡದಲ್ಲಿ ಗೆರೆ. ತೂಕ ನೋಡಿ, ಅಯಸ್ಕಾಂತ ಹಿಡಿಯಿರಿ, ಅಂಚನ್ನು ಸುತ್ತ ತಿರುಗಿಸಿ ಬೆಸೆದ ಗೆರೆ ಇದೆಯೇ ನೋಡಿ. ಎರಕ ಹೊಯ್ದ ನಾಣ್ಯದ ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿರುತ್ತವೆ. ಅಚ್ಚೊತ್ತಿದ ನಾಣ್ಯದಲ್ಲಿ ಅವಿರುವುದಿಲ್ಲ.

*

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ, ಇನ್ನೊಂದು ಕಡೆ ರಾಮ ಸೀತೆ ಅಥವಾ ಹನುಮಂತ. ಇಂಥದ್ದನ್ನು ಲಕ್ಷಗಟ್ಟಲೆ ಬೆಲೆ ಹೇಳಿ ತೋರಿಸುವವರಿದ್ದಾರೆ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಅಕ್ಕಿಯನ್ನು ಸೆಳೆಯುವ ನಾಣ್ಯ, ರೈಸ್ ಪುಲ್ಲಿಂಗ್, ಎಂದು ಹೇಳಿಕೊಂಡು ಬರುವವರೂ ಇದ್ದಾರೆ. ಅವರಿಂದ ಹೊಲ ಮನೆ ಮಾರಿಕೊಂಡವರ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಹಳೆಯ ನಾಣ್ಯ ಕೊಂಡು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವ ಕರೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಗುರುತು ಓದಲು ಕಲಿತ ಮನೆಗೆ ಇಂಥವರು ಎರಡನೆಯ ಸಲ ಬರುವುದಿಲ್ಲ.

*

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಎಷ್ಟೋ ಮನೆಗಳಲ್ಲಿ ಕಲಶಕ್ಕೆ ಹಾಕುವ ರಾಣಿ ರೂಪಾಯಿಯನ್ನು ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜುತ್ತಾರೆ. ಹೊಳಪು ಬರುತ್ತದೆ. ಅದರ ಜೊತೆಗೇ ರಾಣಿಯ ಕೂದಲಿನ ಎಳೆ, ಕೆನ್ನೆಯ ಏರು, ಹಿಂಬದಿಯ ಚುಕ್ಕೆ ಒಂದಿಷ್ಟಿಷ್ಟೇ ಹೋಗುತ್ತವೆ. ಕಾಲದಿಂದ ಕೂಡಿಬಂದ ಕಪ್ಪು ಬೆಳ್ಳಿಯ ಮೇಲಿನ ಕೊಳೆಯಲ್ಲ, ಅದರ ಹೊದಿಕೆ. ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಕೊಡುವುದು ಇದಕ್ಕೇ. ಪೂಜೆಗೆ ಒಂದನ್ನು ಬೇರೆಯಾಗಿ ಇಡಿ, ಅದನ್ನು ಎಷ್ಟು ಬೇಕಾದರೂ ಬೆಳಗಿ. ಉಳಿದವುಗಳನ್ನು ಮುಟ್ಟಬೇಡಿ.

*

ಲಂಬಾಣಿ ಹೆಂಗಸರ ಉಡುಗೆಯಲ್ಲಿ, ಸರಗಳಲ್ಲಿ ತೂತು ಕೊರೆದ, ಕೊಂಡಿ ಬೆಸೆದ ಬೆಳ್ಳಿ ನಾಣ್ಯಗಳಿವೆ. ಅಂಗಡಿಯಲ್ಲಿ ಅವಕ್ಕೆ ಬೆಳ್ಳಿಯ ತೂಕದ ಬೆಲೆ. ತೂತು ಮುಚ್ಚಿ, ಕೊಂಡಿ ಕಿತ್ತು, ಸಾಣೆ ಹಿಡಿದು ಮಾರುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಟಂಕಸಾಲೆ ಒಂದು ಗುರುತು ಹಾಕಿತು, ಅದನ್ನು ತೊಟ್ಟವರು ಇನ್ನೊಂದು ಹಾಕಿದರು. ಎರಡನೆಯದನ್ನು ಅಳಿಸುವ ಹಕ್ಕು ಕೊಂಡವರಿಗೆ ಬರುವುದಿಲ್ಲ.

*

ಹಳೆಯ ರೂಪಾಯಿಗಳ ಮೇಲೆ ಸರಾಫರು ಹೊಡೆದ ಪುಟ್ಟ ಉಳಿಗುರುತುಗಳಿರುತ್ತವೆ. ಒಳಗೂ ಬೆಳ್ಳಿಯೇ ಎಂದು ಕಡಿದು ನೋಡಿ ಕೈಬಿಟ್ಟದ್ದು. ಬೆಲೆಯ ಪಟ್ಟಿಯಲ್ಲಿ ಅದು ಗಾಯ. ನನ್ನ ಕಣ್ಣಿಗೆ ಒಬ್ಬರು ಜವಾಬ್ದಾರಿಯಿಂದ ಪರೀಕ್ಷೆ ಮಾಡಿದ್ದಕ್ಕೆ ಸಾಕ್ಷಿ.

*

ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಸಿಕ್ಕವರದಲ್ಲ, ಮಾರುವವರದೂ ಅಲ್ಲ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು, ಅದನ್ನು ತಮ್ಮಷ್ಟಕ್ಕೆ ದೇಶದಾಚೆ ಒಯ್ಯುವಂತಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ಗಂಟಿನಿಂದ ನಾಲ್ಕು ರೂಪಾಯಿ ಕೊಟ್ಟು ಕಳಿಸುವವರು ಇದನ್ನು ತಿಳಿದಿರಲಿ. ಗಡಿಗೆಯನ್ನು ಹಂಚಿ ಮಾರಿದ ದಿನ ಯಾವ ಟಂಕಸಾಲೆಯ ನಾಣ್ಯ ಯಾವ ಊರಿನವರೆಗೆ ನಡೆದುಬಂದಿತ್ತು ಎಂಬ ಕಥೆ ಶಾಶ್ವತವಾಗಿ ಹೋಗುತ್ತದೆ. ಬೆಳ್ಳಿ ಎಲ್ಲಾದರೂ ಇರುತ್ತದೆ, ಆ ಕಥೆ ಇರುವುದಿಲ್ಲ.

*

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ವರ್ಷ ಕಳೆದಂತೆ ಹಸಿರು ಜಿಗುಟು ಬಿಡುತ್ತದೆ. ಒಣಗಿದ ಒಳ್ಳೆಯ ಕಾಗದದ ಲಕೋಟೆ ಸಾಕು.

*

ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇರಲಿ. ಯಾರಿಂದ ಬಂತು, ಯಾವ ಊರು, ಎಷ್ಟು ಕೊಟ್ಟದ್ದು, ತೂಕವೆಷ್ಟು, ಗುರುತು ಎಲ್ಲಿ ಕಂಡಿತು, ಯಾರು ಓದಿದರು. ನಾಣ್ಯ ಮಕ್ಕಳ ಕೈಗೆ ಹೋಗುವಾಗ ಚೀಟಿ ಇಲ್ಲದಿದ್ದರೆ ಅದು ಮತ್ತೆ ಬರೀ ಬೆಳ್ಳಿಯಾಗಿ ಅಕ್ಕಸಾಲಿಗರ ಮೂಸೆಗೆ ಹೋಗುತ್ತದೆ. ಎಷ್ಟು ಸಂಗ್ರಹಗಳು ಹೀಗೇ ಕರಗಿಹೋದವು ಎಂದು ನೆನೆದರೆ ಸಂಕಟವಾಗುತ್ತದೆ.

*

ಹೊಸದಾಗಿ ಶುರು ಮಾಡುವವರು 1918ರ ರೂಪಾಯಿಯಿಂದ ಶುರು ಮಾಡಿ. ಕೋಟಿಗಟ್ಟಲೆ ಹೊಡೆದದ್ದು, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಸಿಕ್ಕೀತು. ಎರಡು ಕೊಳ್ಳಿ: ಕೆಳಗಿನ ಹೂವಿನ ಅಡಿಯಲ್ಲಿ ಚುಕ್ಕೆ ಇರುವುದೊಂದು, ಇಲ್ಲದ್ದೊಂದು. ಕಿಟಕಿಯ ಹತ್ತಿರ ಕೂತು, ಮಕ್ಕಳಿದ್ದರೆ ಪಕ್ಕ ಕೂರಿಸಿಕೊಂಡು, ಭೂತಗನ್ನಡಿಯನ್ನು ಮೊದಲು ಅವರ ಕೈಗೆ ಕೊಡಿ. ಚುಕ್ಕೆ ಯಾವುದರಲ್ಲಿದೆ ಎಂದು ನೀವು ಹೇಳಬೇಡಿ.